ಹಿರಿಯ ದಂಪತಿಗೆ ಕರಾವಳಿ ಪ್ರವಾಸ: ಮಂಗಳೂರಿನಿಂದ ಕಾರವಾರದವರೆಗೆ ಆರಾಮಾಗಿ

ಮಂಗಳೂರಿನಿಂದ ಕಾರವಾರಕ್ಕೆ ಸುಮಾರು 270 ಕಿಲೋಮೀಟರ್. ಹುಡುಗರು ಬೆಳಿಗ್ಗೆ ಹೊರಟು ಸಂಜೆಗೆ ಮುಗಿಸಿಬಿಡುತ್ತಾರೆ. ಅರವತ್ತೈದು, ಎಪ್ಪತ್ತು ದಾಟಿದ ಗಂಡ ಹೆಂಡತಿ ಇಬ್ಬರೇ ಹೊರಟರೆ ಇದೇ ದಾರಿಗೆ ಏಳು ರಾತ್ರಿ ಕೊಡಿ. ಜಾಸ್ತಿ ಆಯಿತು ಅನ್ನಿಸಬಹುದು. ಆದರೆ ಕರಾವಳಿಯಲ್ಲಿ ನೋಡಬೇಕಾದ ಮುಖ್ಯ ವಸ್ತು ಸಮುದ್ರ. ಅದನ್ನು ಕಾರಿನ ಕಿಟಕಿಯಿಂದ ನೋಡಿ ಮುಗಿಸಲು ಆಗುವುದಿಲ್ಲ. ಅದರ ಮುಂದೆ ಕೂರಬೇಕು. ಕೂರಲು ಪುರುಸೊತ್ತು ಇರುವ ಹಾಗೆ ಇಡೀ ಪ್ರವಾಸವನ್ನು ಕಟ್ಟಬೇಕು.

ಈ ಲೇಖನವನ್ನು ಬರೆದಿರುವುದು ಆ ದಂಪತಿಗೇ. ಮಕ್ಕಳು ಓದಿದರೂ ಸಂತೋಷ. ಆದರೆ ಎಲ್ಲಿ ಹೋಗಬೇಕು, ಎಷ್ಟು ಹೊತ್ತು ಇರಬೇಕು ಅನ್ನುವುದನ್ನು ಹೋಗುವವರೇ ತೀರ್ಮಾನಿಸಿದರೆ ಚೆಂದ.

ಮೊದಲು ಇಬ್ಬರೂ ಬೇರೆ ಬೇರೆಯಾಗಿ ಪಟ್ಟಿ ಮಾಡಿ

ಗಂಡ ಹೆಂಡತಿ ಅಂದ ಮಾತ್ರಕ್ಕೆ ಇಬ್ಬರ ಆಸೆಯೂ ಒಂದೇ ಅಲ್ಲ, ಇಬ್ಬರ ಮಂಡಿಯೂ ಒಂದೇ ಅಲ್ಲ. ಒಬ್ಬರಿಗೆ ಉಡುಪಿ, ಕೊಲ್ಲೂರು, ಗೋಕರ್ಣ ಮೂರೂ ಬೇಕು. ಇನ್ನೊಬ್ಬರಿಗೆ ಮೀನೂಟ ಮಾಡಿ ಮರಳ ಮೇಲೆ ಕಾಲು ಚಾಚಿ ಕೂತರೆ ಸಾಕು. ಹಾಗಾಗಿ ಇಬ್ಬರೂ ಒಂದೊಂದು ಹಾಳೆ ತೆಗೆದುಕೊಳ್ಳಿ. "ಇದು ಬೇಕೇ ಬೇಕು" ಅನ್ನುವ ಮೂರು ಜಾಗ ಬರೆಯಿರಿ. ಅದರ ಕೆಳಗೆ "ಇದು ನನಗೆ ಆಗುವುದಿಲ್ಲ" ಅನ್ನುವ ಮೂರು ವಿಷಯ ಬರೆಯಿರಿ. ಹತ್ತು ಮೆಟ್ಟಿಲಿಗಿಂತ ಜಾಸ್ತಿ ಹತ್ತಲಾರೆ, ಒಂದೂವರೆ ಗಂಟೆಗೊಮ್ಮೆ ಶೌಚಾಲಯ ಬೇಕು, ನೆಲದ ಮೇಲೆ ಕೂರಲು ಆಗುವುದಿಲ್ಲ. ಹೀಗೆ. ಸಂಕೋಚಪಟ್ಟು ಮುಚ್ಚಿಟ್ಟ ವಿಷಯವೇ ಮೂರನೇ ದಿನ ತೊಂದರೆ ಕೊಡುವುದು.

ಇನ್ನೊಂದು ಮಾತು. ನಮ್ಮ ಬಹಳ ಮನೆಗಳಲ್ಲಿ ಪ್ರವಾಸಕ್ಕೆ ಹೋದರೂ ಅಮ್ಮನ ಕೆಲಸ ತಪ್ಪುವುದಿಲ್ಲ. ಮಾತ್ರೆ ನೆನಪಿಸುವುದು, ಬಟ್ಟೆ ಮಡಚುವುದು, ಫ್ಲಾಸ್ಕಿಗೆ ಬಿಸಿನೀರು ಹಿಡಿಯುವುದು ಎಲ್ಲ ಅವರದೇ. ಹೊರಡುವ ಮೊದಲೇ ಈ ಕೆಲಸ ಹಂಚಿಕೊಳ್ಳಿ. ಅವರ ಪಟ್ಟಿಯಲ್ಲಿ ಇರುವ ಜಾಗ ಮೊದಲು ಹಾಕಿ.

ಯಾವಾಗ ಹೋಗಬೇಕು

ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ನೋಡಲು ಬಹಳ ಸುಂದರ, ನಿಜ. ಆದರೆ ಆಗ ಸಮುದ್ರದ ಹತ್ತಿರ ಹೋಗುವ ಹಾಗಿಲ್ಲ, ದೋಣಿಗಳು ನಿಂತಿರುತ್ತವೆ. ಉತ್ತರ ಕನ್ನಡದಲ್ಲಿ ಹೆದ್ದಾರಿಗಾಗಿ ಗುಡ್ಡ ಕಡಿದ ಕಡೆ ಮಣ್ಣು ಕುಸಿಯುವ ಭಯವಿದೆ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ವಾಹನಗಳು ಗಂಗಾವಳಿ ನದಿಗೆ ಬಿದ್ದವು. ಮಳೆಗಾಲದಲ್ಲಿ ಈ ದಾರಿ ಬೇಡ. ಮಾರ್ಚ್ ನಂತರ ಸೆಕೆ. ಕರಾವಳಿಯ ಸೆಕೆ ಬಯಲುಸೀಮೆಯ ಬಿಸಿಲಿನ ಹಾಗಲ್ಲ, ಬೆವರು ಆರುವುದೇ ಇಲ್ಲ. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಬೇಗ ಸುಸ್ತಾಗುತ್ತದೆ.

ಒಳ್ಳೆಯ ತಿಂಗಳುಗಳಲ್ಲೂ ಕೆಲವು ದಿನ ತಪ್ಪಿಸಿ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಗೋಕರ್ಣ, ಮುರುಡೇಶ್ವರದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ವಿದೇಶದ ಮಕ್ಕಳು ರಜೆಗೆ ಬರುವುದು ಆಗಲೇ. ಅವರ ಜೊತೆಗೇ ಹೋಗಬೇಕು ಅಂತಿದ್ದರೆ ರೂಮು ಎರಡು ತಿಂಗಳು ಮೊದಲೇ ಹಿಡಿಯಿರಿ. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ರ ಹೊತ್ತಿಗೆ ಪರ್ಯಾಯ, ಅಂದರೆ ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವ ಉತ್ಸವ, ನಡೆಯುತ್ತದೆ. ಅದನ್ನು ನೋಡಲೆಂದೇ ಹೋಗುವವರ ಲೆಕ್ಕ ಬೇರೆ, ಉಳಿದವರು ಆ ವಾರ ಬಿಡಿ. ಶಿವರಾತ್ರಿಗೆ ಗೋಕರ್ಣದ್ದೂ ಹೀಗೇ. ವಾರದಲ್ಲಿ ಭಾನುವಾರ ಹೊರಟು ಮುಂದಿನ ಭಾನುವಾರ ವಾಪಸಾಗುವ ಹಾಗೆ ಇಟ್ಟುಕೊಂಡರೆ ಜನಜಂಗುಳಿ ಅರ್ಧ ತಪ್ಪುತ್ತದೆ.

ದಕ್ಷಿಣದಿಂದ ಉತ್ತರಕ್ಕೆ ಹೋಗಿ

ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಪ್ರವಾಸದ ಖುಷಿಯನ್ನೇ ಬದಲಿಸುತ್ತದೆ. ಮಂಗಳೂರಿನಿಂದ ಕಾರವಾರದ ಕಡೆ ಹೋಗುವಾಗ ಸಮುದ್ರ ನಿಮ್ಮ ಎಡಗಡೆ. ನಾವು ರಸ್ತೆಯ ಎಡಬದಿಯಲ್ಲೇ ಓಡಿಸುವುದರಿಂದ ಸಮುದ್ರಕ್ಕೂ ನಿಮಗೂ ನಡುವೆ ಎದುರು ವಾಹನಗಳ ಸಾಲು ಇರುವುದಿಲ್ಲ. ಚೆಂದ ಕಂಡಲ್ಲಿ ರಸ್ತೆ ದಾಟದೆ ಇಳಿಯಬಹುದು. ನಾಲ್ಕು ಪಥದ ಹೆದ್ದಾರಿ ದಾಟುವುದು ನಿಧಾನವಾಗಿ ನಡೆಯುವವರಿಗೆ ಅಪಾಯ. ಬೆಳಿಗ್ಗೆ ಹೊರಟರೆ ಬಿಸಿಲು ಬಲಗಡೆಯಿಂದ, ಸ್ವಲ್ಪ ಹಿಂದಿನಿಂದ ಬರುತ್ತದೆ. ಕಣ್ಣಿಗೆ ಹೊಡೆಯುವುದಿಲ್ಲ, ನೀರಿನ ಬಣ್ಣವೂ ಚೆನ್ನಾಗಿ ಕಾಣುತ್ತದೆ.

ಉತ್ತರ ಕರ್ನಾಟಕದವರಿಗೆ ಇನ್ನೊಂದು ಲಾಭ. ಮಂಗಳೂರಿಗೆ ರೈಲಿನಲ್ಲಿ ಇಳಿದು ಉತ್ತರಕ್ಕೆ ಬಂದರೆ ಪ್ರವಾಸ ಮುಗಿಯುವುದು ಊರಿನ ಹತ್ತಿರದಲ್ಲೇ. ಕಾರವಾರದಿಂದ ಯಲ್ಲಾಪುರದ ಮೇಲೆ ಹುಬ್ಬಳ್ಳಿಗೆ ಅರ್ಧ ದಿನದ ದಾರಿ.

ಬೆಂಗಳೂರಿನವರು ಮಂಗಳೂರಿಗೆ ಕಾರಿನಲ್ಲೇ ಬರಬೇಕು ಅಂತ ಹಟ ಮಾಡಬೇಡಿ. 350 ಕಿಲೋಮೀಟರ್ ಆಗುತ್ತದೆ, ಶಿರಾಡಿ ಘಾಟಿ ಇಳಿಯಬೇಕು. ಒಂದು ಇಡೀ ದಿನ ಹೋಗುತ್ತದೆ, ಮರುದಿನ ಸೊಂಟ ಹಿಡಿದಿರುತ್ತದೆ. ರೈಲು ಅಥವಾ ವಿಮಾನದಲ್ಲಿ ಬಂದು ಮಂಗಳೂರಿನಲ್ಲಿ ಕಾರು ಮಾಡಿಕೊಳ್ಳಿ. ಹಗಲು ರೈಲಿನಲ್ಲಿ ಬಂದರೆ ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಘಾಟಿ ಸಿಗುತ್ತದೆ. ದೊಡ್ಡ ಗಾಜಿನ ಕಿಟಕಿಯ ವಿಸ್ಟಾಡೋಮ್ ಬೋಗಿಯಲ್ಲಿ ಟಿಕೆಟ್ ಸಿಕ್ಕರೆ ಅದೇ ಒಂದು ಪ್ರವಾಸ.

ಕಾರು ಮತ್ತು ಚಾಲಕ

ನೀವೇ ಓಡಿಸಬೇಕಾ? ಊರಲ್ಲಿ ದಿನಾ ಓಡಿಸುವವರಾದರೆ ಆಗಬಹುದು. ಆದರೆ ನನ್ನ ಅಭಿಪ್ರಾಯ ಕೇಳಿದರೆ ಚಾಲಕರನ್ನು ಇಟ್ಟುಕೊಳ್ಳಿ. ಓಡಿಸುವವರ ಕಣ್ಣು ರಸ್ತೆಯ ಮೇಲೇ ಇರುತ್ತದೆ, ಸಮುದ್ರ ನೋಡುವುದು ಪಕ್ಕದವರು ಮಾತ್ರ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಎದುರಿನಿಂದ ಅಡ್ಡದಾರಿಯಲ್ಲಿ ಬರುವ ಬೈಕು, ಸಡನ್ನಾಗಿ ತಿರುಗುವ ಲಾರಿ, ಮಲಗಿದ ದನ ಎಲ್ಲವೂ ಉಂಟು. ಕಣ್ಣಿನ ಪೊರೆ ಇರುವವರು ಅಥವಾ ಆಪರೇಷನ್ ಆಗಿ ಎದುರು ಲೈಟು ಚುಚ್ಚುವವರು ರಾತ್ರಿ ಓಡಿಸಲೇಬಾರದು.

ಕಾರು ಮಾಡುವಾಗ ಮಾಡೆಲ್ ಹೆಸರು ನೋಡಿ ಒಪ್ಪಬೇಡಿ. ಹತ್ತಿ ಇಳಿದು ನೋಡಿ. ತೀರಾ ತಗ್ಗಿನ ಸೀಟಾದರೆ ಏಳುವಾಗ ಮಂಡಿ ನೋಯುತ್ತದೆ. ತೀರಾ ಎತ್ತರವಾದರೆ ಕಾಲು ಎತ್ತಿ ಇಡುವುದೇ ಕಷ್ಟ. ಸೀಟು ನಿಮ್ಮ ಸೊಂಟದ ಮಟ್ಟಕ್ಕೆ ಇದ್ದರೆ ಸರಿ. ಚಾಲಕರ ಜೊತೆ ಮೊದಲೇ ಮಾತಾಡಿಕೊಳ್ಳಿ: ದಿನಕ್ಕೆ ಹೆಚ್ಚೆಂದರೆ ಮೂರು ಗಂಟೆ ಓಡಾಟ, ಸೂರ್ಯ ಮುಳುಗಿದ ಮೇಲೆ ಊರಿಂದೂರಿಗೆ ಪ್ರಯಾಣ ಇಲ್ಲ, ಕೇಳಿದಲ್ಲಿ ನಿಲ್ಲಿಸಬೇಕು. ಅವರ ಊಟ ಮತ್ತು ಮಲಗುವ ಜಾಗದ ಬಗ್ಗೆಯೂ ಆಗಲೇ ಖಚಿತ ಮಾಡಿಕೊಳ್ಳಿ. ಕಾರಿನಲ್ಲೇ ಮಲಗಿ ನಿದ್ದೆಗೆಟ್ಟ ಚಾಲಕರ ಕೈಯಲ್ಲಿ ಮರುದಿನ ನಮ್ಮ ಜೀವ ಇರುತ್ತದೆ.

ಫಾಸ್ಟ್ಯಾಗ್‌ನಲ್ಲಿ ದುಡ್ಡು ಇದೆಯಾ ನೋಡಿ. ಹೆಜಮಾಡಿ, ಸಾಸ್ತಾನ, ಬೈಂದೂರು ಕಡೆಯ ಶಿರೂರು, ಕುಮಟಾ ಬಳಿಯ ಹೊಳೆಗದ್ದೆ, ಅಂಕೋಲಾ ಕಡೆಯ ಹಟ್ಟಿಕೇರಿಯಲ್ಲಿ ಟೋಲ್ ಇದೆ.

ಔಷಧ, ಆಸ್ಪತ್ರೆ

ಹೊರಡುವ ಎರಡು ವಾರ ಮೊದಲು ನಿಮ್ಮ ಡಾಕ್ಟರನ್ನು ಕಂಡು ಬನ್ನಿ. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಪ್ರಯಾಣದ ದಿನ ಯಾವ ಹೊತ್ತಿಗೆ ತೆಗೆದುಕೊಳ್ಳಬೇಕು ಅಂತ ಕೇಳಿ. ದಾರಿಯಲ್ಲಿ ತೊಂದರೆ ಅಂತ ತಾವಾಗಿಯೇ ಮಾತ್ರೆ ಬಿಡುವುದಾಗಲಿ, ನೀರು ಕುಡಿಯದೆ ಇರುವುದಾಗಲಿ ಬೇಡ. ಇದನ್ನು ಬಹಳ ಜನ ಮಾಡುತ್ತಾರೆ, ಕರಾವಳಿಯ ಬೆವರಿನಲ್ಲಿ ಅದು ತಲೆಸುತ್ತಿಗೆ ದಾರಿ.

ಮಾತ್ರೆಗಳನ್ನು ಎರಡು ಪಾಲು ಮಾಡಿ. ಒಂದು ಕೈಚೀಲದಲ್ಲಿ, ಒಂದು ಸೂಟ್‌ಕೇಸಿನಲ್ಲಿ. ಮೂರು ದಿನಕ್ಕಾಗುವಷ್ಟು ಜಾಸ್ತಿ ಇರಲಿ. ನಿಲ್ಲಿಸಿದ ಕಾರು ಸ್ವಲ್ಪ ಹೊತ್ತಿನಲ್ಲೇ ಒಲೆಯಾಗುತ್ತದೆ, ಇನ್ಸುಲಿನ್ ಅದರಲ್ಲಿ ಬಿಡಬೇಡಿ. ತಂಪಿನ ಪೌಚಿನಲ್ಲಿ ಜೊತೆಗೇ ಇರಲಿ. ಒಂದು ಹಾಳೆಯಲ್ಲಿ ಇಬ್ಬರ ಹೆಸರು, ರಕ್ತದ ಗುಂಪು, ಕಾಯಿಲೆ, ಮಾತ್ರೆ, ಡಾಕ್ಟರ ಫೋನ್, ಮಕ್ಕಳ ಫೋನ್ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಒಬ್ಬೊಬ್ಬರ ಕಿಸೆಯಲ್ಲಿ ಒಂದೊಂದು ಪ್ರತಿ ಇಡಿ. ಒಂದು ಚಾಲಕರಿಗೂ ಕೊಡಿ.

ಈ ದಾರಿಯಲ್ಲಿ ದೊಡ್ಡ ಆಸ್ಪತ್ರೆಗಳು ಒಂದೇ ಸಮನಾಗಿ ಹಂಚಿಕೊಂಡಿಲ್ಲ. ಮಂಗಳೂರು, ಮಣಿಪಾಲದಲ್ಲಿ ಎಲ್ಲ ಸೌಲಭ್ಯವೂ ಇದೆ. ಕುಂದಾಪುರ ದಾಟಿದ ಮೇಲೆ ಕಡಿಮೆಯಾಗುತ್ತಾ ಹೋಗುತ್ತದೆ. ತಾಲ್ಲೂಕು ಆಸ್ಪತ್ರೆಗಳಿವೆ, ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಹೃದಯದಂಥ ದೊಡ್ಡ ವಿಷಯಕ್ಕೆ ಆ ಕಡೆಯವರು ಈಗಲೂ ಮಣಿಪಾಲ, ಹುಬ್ಬಳ್ಳಿ ಇಲ್ಲವೇ ಗೋವಾಕ್ಕೆ ಓಡುತ್ತಾರೆ. ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಅಲ್ಲಿನ ಜನ ಹೋರಾಟ ಮಾಡಿದ್ದು ಸುಮ್ನೆ ಅಲ್ಲ. ಆದ್ದರಿಂದ ಮೊದಲ ಮೂರು ದಿನದಲ್ಲಿ ಎದೆನೋವು, ಉಸಿರಾಟದ ತೊಂದರೆ, ಕಾಲು ಊತ ಏನಾದರೂ ಕಂಡರೆ ಮಣಿಪಾಲದಲ್ಲೇ ತೋರಿಸಿ. "ಮುಂದೆ ನೋಡೋಣ" ಅಂತ ಉತ್ತರಕ್ಕೆ ಹೊರಡಬೇಡಿ. ಆಂಬುಲೆನ್ಸಿಗೆ 108, ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ ಅಥವಾ ಅಪಘಾತವಾದರೆ 1033, ಬೇರೆ ಯಾವ ತುರ್ತಿಗೂ 112.

ರೂಮು ಹಿಡಿಯುವಾಗ ಕೇಳಬೇಕಾದ ಪ್ರಶ್ನೆಗಳು

ಆನ್‌ಲೈನ್‌ನಲ್ಲಿ ಚಿತ್ರ ನೋಡಿ ದುಡ್ಡು ಕಟ್ಟುವ ಮೊದಲು ಒಂದು ಫೋನ್ ಮಾಡಿ. ಕಾರು ನಿಲ್ಲಿಸುವ ಜಾಗದಿಂದ ರೂಮಿಗೆ ಎಷ್ಟು ಮೆಟ್ಟಿಲು? ಲಿಫ್ಟ್ ಇದ್ದರೆ ಕರೆಂಟ್ ಹೋದಾಗ ಜನರೇಟರಿನಲ್ಲಿ ಓಡುತ್ತದೆಯಾ? ಬಚ್ಚಲಿನ ನೆಲ ಜಾರುತ್ತದೆಯಾ? ಕಮೋಡ್ ಇದೆಯಾ, ಅದರ ಪಕ್ಕ ಹಿಡಿದುಕೊಳ್ಳಲು ಏನಾದರೂ ಇದೆಯಾ? ಬಿಸಿನೀರು ಎಷ್ಟು ಗಂಟೆಗೆ ಬರುತ್ತದೆ? ಸ್ನಾನಕ್ಕೆ ಕೂರಲು ಪ್ಲಾಸ್ಟಿಕ್ ಸ್ಟೂಲ್ ಕೊಡುತ್ತೀರಾ? ಬಚ್ಚಲಿನ ಫೋಟೋ ವಾಟ್ಸಾಪಿನಲ್ಲಿ ಕಳಿಸಿ ಅಂತ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಹಿರಿಯರು ಪ್ರವಾಸದಲ್ಲಿ ಬೀಳುವುದು ಸಮುದ್ರದ ಹತ್ತಿರ ಅಲ್ಲ, ಹೊಸ ರೂಮಿನ ಬಚ್ಚಲಿನಲ್ಲಿ, ರಾತ್ರಿ ಎದ್ದಾಗ. ಒಂದು ರಬ್ಬರ್ ಮ್ಯಾಟ್, ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ದೀಪ ಮನೆಯಿಂದಲೇ ಒಯ್ಯಿರಿ.

ದಿನಾ ರೂಮು ಬದಲಿಸಬೇಡಿ. ಬ್ಯಾಗು ಕಟ್ಟುವುದು, ಬಿಚ್ಚುವುದು ನಡೆಯುವುದಕ್ಕಿಂತ ಆಯಾಸ. ನಾನು ಹೇಳುವ ಲೆಕ್ಕ ಇದು: ಮಂಗಳೂರಿನಲ್ಲಿ ಒಂದು ರಾತ್ರಿ, ಮಲ್ಪೆ ಅಥವಾ ಉಡುಪಿಯಲ್ಲಿ ಎರಡು, ಮುರುಡೇಶ್ವರದಲ್ಲಿ ಎರಡು, ಕಾರವಾರದಲ್ಲಿ ಎರಡು. ಗೋಕರ್ಣವೇ ಮುಖ್ಯ ಅನ್ನುವವರು ಕಾರವಾರದ ಒಂದು ರಾತ್ರಿಯನ್ನು ಅಲ್ಲಿಗೆ ಕೊಡಿ.

ದಿನದ ಲಯ

ಬೆಳಿಗ್ಗೆ ತಿಂಡಿ ಮುಗಿಸಿ ಎಂಟಕ್ಕೆ ಹೊರಡಿ. ಹನ್ನೊಂದೂವರೆಗೆ ಎಲ್ಲಿದ್ದರೂ ಓಡಾಟ ಮುಗಿಯಲಿ. ಊಟ, ಆಮೇಲೆ ಮಲಗಿ. ನಾಲ್ಕೂವರೆಗೆ ಚಹಾ ಕುಡಿದು ಸಮುದ್ರಕ್ಕೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ಮುಳುಗುವುದು ಆರರಿಂದ ಆರೂವರೆಯ ಹೊತ್ತಿಗೆ. ಅದಾದ ಮೇಲೆ ಬೇಗ ಕತ್ತಲಾಗುತ್ತದೆ, ಮರಳಿನಲ್ಲಿ ಹಳ್ಳ ದಿಣ್ಣೆ ಕಾಣುವುದಿಲ್ಲ. ಕೈಯಲ್ಲಿ ಟಾರ್ಚ್ ಇರಲಿ.

ಕಾರಿನಲ್ಲಿ ಒಂದೂವರೆ ಗಂಟೆಗೊಮ್ಮೆ ಇಳಿದು ಐದು ನಿಮಿಷ ನಡೆಯಿರಿ. ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸುತ್ತಿರಿ. ರಕ್ತ ಹೆಪ್ಪುಗಟ್ಟದಿರಲು, ಕಾಲು ಊದದಿರಲು ಇದು ಬೇಕು.

ಮಡಚುವ ಎರಡು ಕುರ್ಚಿ ಡಿಕ್ಕಿಯಲ್ಲಿ ಹಾಕಿಕೊಳ್ಳಿ. ಈ ಇಡೀ ಪ್ರವಾಸಕ್ಕೆ ನೀವು ಕೊಳ್ಳಬೇಕಾದ ಒಂದೇ ಒಂದು ವಸ್ತು ಇದ್ದರೆ ಅದು ಇದೇ. ಮರಳ ಮೇಲೆ ಕೂತು ಏಳುವುದು ಮಂಡಿನೋವಿನವರಿಗೆ ಆಗದ ಮಾತು. ಕುರ್ಚಿ ಇದ್ದರೆ ಎರಡು ಗಂಟೆ ಆರಾಮಾಗಿ ಕೂರಬಹುದು. ಒಣ ಮರಳಿನಲ್ಲಿ ನಡೆಯುವುದು ಕಷ್ಟ, ನೀರು ಇಳಿದಾಗ ಅಂಚಿನ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಅಲ್ಲಿ ನಡೆಯಿರಿ. ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿ.

ದಾರಿ: ಮಂಗಳೂರಿನಿಂದ ಮಲ್ಪೆ

ಒಂದು ಸತ್ಯ ಹೇಳಬೇಕು. ಹೆದ್ದಾರಿ 66 ಬಹುಪಾಲು ಸಮುದ್ರದ ಪಕ್ಕದಲ್ಲಿ ಹೋಗುವುದಿಲ್ಲ. ತೆಂಗಿನ ತೋಟ, ಅಂಗಡಿ ಸಾಲು, ಫ್ಲೈಓವರ್ ನೋಡುತ್ತಾ ಹೋಗಬೇಕು. ಸಮುದ್ರ ಬೇಕಾದರೆ ಎಡಕ್ಕೆ ತಿರುಗಬೇಕು. ಎಲ್ಲಿ ತಿರುಗಬೇಕು ಅನ್ನುವುದು ಗೊತ್ತಿದ್ದರೆ ಪ್ರವಾಸ ಗೆದ್ದ ಹಾಗೆ.

ಮಂಗಳೂರಿಗೆ ಬಂದ ದಿನ ಸುಮ್ನೆ ವಿಶ್ರಾಂತಿ. ಸಂಜೆ ತಣ್ಣೀರುಬಾವಿ ಅಥವಾ ಪಣಂಬೂರು ಕಡಲತೀರ ಸಾಕು. ಮರುದಿನ ಬೆಳಿಗ್ಗೆ ಹೊರಡುವ ಮುಂಚೆ ಸಂತ ಅಲೋಶಿಯಸ್ ಚಾಪೆಲ್ ನೋಡಿ. ಇಟಲಿಯ ಅಂತೋನಿಯೊ ಮೊಸ್ಕೆನಿ 19ನೇ ಶತಮಾನದ ಕೊನೆಯಲ್ಲಿ ಗೋಡೆ, ಛಾವಣಿ ತುಂಬ ಬಿಡಿಸಿದ ಚಿತ್ರಗಳನ್ನು ಬೆಂಚಿನ ಮೇಲೆ ಕೂತೇ ನೋಡಬಹುದು.

ಮಂಗಳೂರಿನಿಂದ ಉಡುಪಿಗೆ 60 ಕಿಲೋಮೀಟರಿಗಿಂತ ಕಡಿಮೆ. ನಡುವೆ ಪಡುಬಿದ್ರಿಯಲ್ಲಿ ಎಡಕ್ಕೆ ತಿರುಗಿ. ಅಲ್ಲಿನ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲಾಗ್, ಅಂದರೆ ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಶೌಚಾಲಯ, ಕುಡಿಯುವ ನೀರು, ನಡೆಯುವ ದಾರಿ ಇರುವ ತೀರ ಹಿರಿಯರಿಗೆ ದೊಡ್ಡ ಅನುಕೂಲ. ಮುಂದೆ ಕಾಪು. ಬಂಡೆಯ ಮೇಲೆ ನಿಂತ ಅಲ್ಲಿನ ದೀಪಸ್ತಂಭ 1901ರದ್ದು. ಹತ್ತಲೇಬೇಕು ಅಂತಿಲ್ಲ. ಕೆಳಗೆ ಮರಳಿನಿಂದ ನೋಡಿದರೇ ಅದರ ಚೆಂದ.

ಕಾಪು ಬಿಟ್ಟ ಮೇಲೆ ಹೆದ್ದಾರಿಗೆ ಹೋಗಬೇಡಿ. ಕೈಪುಂಜಾಲು, ಮಟ್ಟು, ಪಡುಕೆರೆ ಹಾದಿ ಕೇಳಿ. ಕಿರಿದಾದ ರಸ್ತೆ, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ಮೀನುಗಾರರ ಮನೆಗಳು, ಒಣಗಲು ಹಾಕಿದ ಬಲೆ. ಈ ಮಟ್ಟು ಅಂದರೆ ಮಟ್ಟುಗುಳ್ಳ ಬದನೆಯ ಊರು. ಪಡುಕೆರೆಯ ಸೇತುವೆ ದಾಟಿದರೆ ಮಲ್ಪೆ. ನನ್ನ ಮಟ್ಟಿಗೆ ಇಡೀ ಕರಾವಳಿಯಲ್ಲಿ ಇಬ್ಬರು ನಿಧಾನವಾಗಿ ಹೋಗಲು ಇದಕ್ಕಿಂತ ಒಳ್ಳೆಯ ತುಣುಕು ಇಲ್ಲ. ಚಾಲಕರು "ಹೈವೇಯಲ್ಲಿ ಬೇಗ ಆಗುತ್ತದೆ" ಅಂದರೆ ನಗುತ್ತಲೇ "ನಮಗೆ ಬೇಗ ಬೇಡ" ಅನ್ನಿ. ಕಾಪು ಹತ್ತಿರದ ಶಂಕರಪುರದ ಮಲ್ಲಿಗೆ ಈ ಕಡೆ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಒಂದು ಚೆಂಡು ಮಲ್ಲಿಗೆ ಕೊಳ್ಳದೆ ಮುಂದೆ ಹೋಗಬೇಡಿ.

ಉಡುಪಿ, ಮಲ್ಪೆ

ಕೃಷ್ಣ ಮಠಕ್ಕೆ ಬೆಳಿಗ್ಗೆ ಬೇಗ ಹೋಗಿ. ರಥಬೀದಿಯೊಳಗೆ ಕಾರು ಹೋಗುವುದಿಲ್ಲ, ಪಾರ್ಕಿಂಗ್‌ನಿಂದ ನಡೆಯಬೇಕು. ಒಳಗೆ ನವಗ್ರಹ ಕಿಂಡಿಯ ಮೂಲಕ ದರ್ಶನ, ಹೊರಗೆ ಕನಕನ ಕಿಂಡಿ. ಸಾಲು ಉದ್ದ ಇದ್ದರೆ ಕನಕನ ಕಿಂಡಿಯಲ್ಲಿ ನೋಡಿದರೂ ಸಮಾಧಾನವೇ. ಯಾವ ದೇವಸ್ಥಾನಕ್ಕೆ ಹೋದರೂ ಆಧಾರ್ ಕಾರ್ಡ್ ಇಟ್ಟುಕೊಂಡು "ಹಿರಿಯ ನಾಗರಿಕರಿಗೆ ಬೇರೆ ಸಾಲು ಇದೆಯಾ" ಅಂತ ಕೇಳಿ. ಗಂಡಸರು ಅಂಗಿ ತೆಗೆಯಬೇಕಾಗುತ್ತದೆ, ಪಂಚೆ ಶಲ್ಯ ಇದ್ದರೆ ಸಲೀಸು. ಊಟಕ್ಕೆ ನೆಲದ ಮೇಲೆ ಕೂರಲು ಆಗದವರು ಮೊದಲೇ ವಿಚಾರಿಸಿ.

ಸೇಂಟ್ ಮೇರೀಸ್ ದ್ವೀಪಕ್ಕೆ ಮಲ್ಪೆಯಿಂದ ದೋಣಿ ಇದೆ. ಲಾವಾ ಆರಿ ಕಂಬಗಳ ಹಾಗೆ ನಿಂತ ಕಲ್ಲುಗಳು ಸುಮಾರು 8.8 ಕೋಟಿ ವರ್ಷ ಹಳೆಯವು. ನೋಡಬೇಕಾದದ್ದೇ. ಆದರೆ ದೋಣಿ ಹತ್ತುವಾಗ, ಇಳಿಯುವಾಗ ಅದು ಅಲುಗಾಡುತ್ತದೆ, ದ್ವೀಪದಲ್ಲಿ ನೆರಳು ಕಡಿಮೆ, ಕಲ್ಲು ಚೂಪು. ಕಾಲು ಗಟ್ಟಿ ಇದ್ದರೆ ಬೆಳಗಿನ ಮೊದಲ ದೋಣಿಗೆ ಹೋಗಿ ಬನ್ನಿ. ಸ್ವಲ್ಪ ಅನುಮಾನ ಇದ್ದರೂ ಬಿಡಿ. ಅದರ ಬದಲು ಮಲ್ಪೆಯಿಂದ ಉತ್ತರಕ್ಕೆ ಹೂಡೆ ದಾಟಿ ಕೋಡಿ ಬೆಂಗ್ರೆಗೆ ಹೋಗಿ. ಹೊಳೆ ಸಮುದ್ರ ಸೇರುವ ಜಾಗದವರೆಗೂ ಕಾರು ಹೋಗುತ್ತದೆ. ಕುರ್ಚಿ ಹಾಕಿಕೊಂಡು ದೋಣಿಗಳು ಒಳಗೆ ಬರುವುದನ್ನು ನೋಡುತ್ತಾ ಕೂರಬಹುದು.

ಊಟದ ವಿಷಯಕ್ಕೆ ಇಲ್ಲಿ ಚಿಂತೆಯೇ ಇಲ್ಲ. ನೀರುದೋಸೆ, ಇಡ್ಲಿ, ಮೂಡೆ ಎಲ್ಲವೂ ಹೊಟ್ಟೆಗೆ ಹಗುರ. ಗೋಳಿಬಜೆ, ಬನ್ಸ್ ರುಚಿ ನೋಡಿ, ಹೊಟ್ಟೆ ತುಂಬಿಸಬೇಡಿ. ಕುಚ್ಚಲಕ್ಕಿ ಅಭ್ಯಾಸ ಇಲ್ಲದವರು ಬೆಳ್ತಿಗೆ (ಬಿಳಿ ಅಕ್ಕಿ) ಅನ್ನ ಕೇಳಿ. ಮೀನು ತಿನ್ನುವವರಿಗೆ ಕಾಣೆ, ಅಂಜಲ್ ಒಳ್ಳೆಯದು, ಸಣ್ಣ ಮುಳ್ಳಿನ ಕಾಟ ಕಡಿಮೆ. ಮಸಾಲೆ ಖಾರ ಇರುತ್ತದೆ, ಕಡಿಮೆ ಹಾಕಿ ಅಂತ ಹೇಳಿದರೆ ಹಾಕುತ್ತಾರೆ. ಸೆಕೆಗೆ ಪುನರ್ಪುಳಿ (ಕೋಕಂ) ಶರಬತ್ತು, ಆದರೆ ಸಕ್ಕರೆ ಕಾಯಿಲೆ ಇದ್ದರೆ ಸಕ್ಕರೆ ಇಲ್ಲದೆ.

ಮಲ್ಪೆಯಿಂದ ಮುರುಡೇಶ್ವರ

ಸುಮಾರು 100 ಕಿಲೋಮೀಟರ್. ಈ ದಿನದ ಜೀವಾಳ ಮರವಂತೆ. ಕುಂದಾಪುರ ದಾಟಿ ಅರ್ಧ ಗಂಟೆಯೊಳಗೆ ತ್ರಾಸಿ, ಮರವಂತೆ ಬರುತ್ತದೆ. ಎಡಕ್ಕೆ ಸಮುದ್ರ ರಸ್ತೆಗೆ ತಾಗಿಕೊಂಡೇ ಇದೆ, ಬಲಕ್ಕೆ ಸೌಪರ್ಣಿಕಾ ನದಿ. ಕಾರನ್ನು ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸದೆ ವಾಹನ ನಿಲ್ಲುವ ಜಾಗದಲ್ಲೇ ನಿಲ್ಲಿಸಿ. ಇಳಿಯುವುದು ಎಡಬಾಗಿಲಿನಿಂದ ಮಾತ್ರ. ಬಂಡೆಗಳ ಮೇಲೆ ಇಳಿಯಬೇಡಿ, ಇಲ್ಲಿ ಅಲೆ ಜೋರು, ಕಲ್ಲು ಪಾಚಿಯಿಂದ ಜಾರುತ್ತದೆ. ಫೋಟೋ ತೆಗೆದು ಹತ್ತು ನಿಮಿಷದಲ್ಲಿ ಹೊರಡಬೇಡಿ. ಅರ್ಧ ಗಂಟೆ ಇರಿ.

ಕೊಲ್ಲೂರು ಬೇಕು ಅನ್ನುವವರು ಈ ದಿನ ಹೆಮ್ಮಾಡಿಯಲ್ಲಿ ಬಲಕ್ಕೆ ತಿರುಗಿ, ದರ್ಶನ ಮುಗಿಸಿ ಬೈಂದೂರಿಗೆ ಇಳಿಯಬಹುದು. ಆಗ ಮರವಂತೆ ತಪ್ಪುತ್ತದೆ. ಎರಡೂ ಬೇಕಾದರೆ ಮಲ್ಪೆಯಲ್ಲಿ ಇದ್ದ ಎರಡನೇ ದಿನವನ್ನು ಕೊಲ್ಲೂರಿಗೆ ಕೊಡಿ, ಇಲ್ಲಿ ತುರುಕಬೇಡಿ.

ಮುರುಡೇಶ್ವರದಲ್ಲಿ 20 ಅಂತಸ್ತಿನ ರಾಜಗೋಪುರಕ್ಕೆ ಲಿಫ್ಟ್ ಇದೆ. ಮಂಡಿನೋವಿನವರೂ ಮೇಲಿನಿಂದ 123 ಅಡಿಯ ಶಿವನನ್ನೂ ಮೂರು ಕಡೆಯ ಸಮುದ್ರವನ್ನೂ ನೋಡಬಹುದು. ಶನಿವಾರ, ಭಾನುವಾರ ಲಿಫ್ಟಿಗೆ ಉದ್ದ ಸಾಲು, ವಾರದ ನಡುವೆ ಬೆಳಿಗ್ಗೆ ಹೋಗಿ. ಶಿವನ ಬುಡಕ್ಕೆ ಮೆಟ್ಟಿಲು ಹತ್ತುವುದು ಆಗುವವರಿಗೆ ಮಾತ್ರ. ಇಲ್ಲಿ ನೀರಿಗೆ ಇಳಿಯುವ ಆಸೆ ಬೇಡ.

ಎರಡನೇ ದಿನ ಬೆಳಿಗ್ಗೆ ಹೊನ್ನಾವರದ ಕಡೆ ಸಣ್ಣ ಸುತ್ತು. ಇಡಗುಂಜಿ ಗಣಪತಿ ನೋಡಿ ಕಾಸರಕೋಡಿಗೆ ಬನ್ನಿ. ಇದೂ ಬ್ಲೂ ಫ್ಲಾಗ್ ತೀರ. ಅದರ ಹತ್ತಿರವೇ ಶರಾವತಿ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಮರದ ಹಲಗೆಯ ಕಾಲುದಾರಿ ಇದೆ. ನೆಲ ಸಮ, ನೆರಳು ಇದೆ, ಕಾಲ ಕೆಳಗೆ ಏಡಿಗಳು ಓಡಾಡುತ್ತವೆ. ಹಲಗೆ ಒದ್ದೆ ಇದ್ದರೆ ಕಂಬಿ ಹಿಡಿದು ನಡೆಯಿರಿ.

ಕಾರವಾರದ ಕಡೆಗೆ

ಇದು ಪ್ರವಾಸದ ಅತಿ ಉದ್ದದ ದಿನ, ಗೋಕರ್ಣ ಸೇರಿ 140 ಕಿಲೋಮೀಟರ್ ಹತ್ತಿರ ಆಗುತ್ತದೆ. ಏಳಕ್ಕೇ ಹೊರಡಿ. ಹೊನ್ನಾವರದ ಶರಾವತಿ ಸೇತುವೆಯ ಮೇಲೆ ನಿಧಾನ. ಕುಮಟಾ ದಾಟಿದ ಮೇಲೆ ಮಿರ್ಜಾನ್ ಕೋಟೆ, ಹೆದ್ದಾರಿಯಿಂದ ಸ್ವಲ್ಪವೇ ಒಳಗೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ನೆನಪಿನ ಕೋಟೆ, ಕಾಳುಮೆಣಸಿನ ವ್ಯಾಪಾರದಿಂದ ಪೋರ್ಚುಗೀಸರ ಬಾಯಲ್ಲಿ ಮೆಣಸಿನ ರಾಣಿ ಅನ್ನಿಸಿಕೊಂಡವಳು. ಒಳಗೆ ಹೋಗಲು ಕಲ್ಲಿನ ಮೆಟ್ಟಿಲುಗಳಿವೆ. ಆಗದವರು ಹೊರಗಿನ ಕಂದಕ, ಪಾಚಿ ಹಿಡಿದ ಜಂಬಿಟ್ಟಿಗೆ ಗೋಡೆ ನೋಡಿಕೊಂಡು ನೆರಳಲ್ಲಿ ಕೂರಿ.

ಮಾದನಗೇರಿಯಲ್ಲಿ ಎಡಕ್ಕೆ ತಿರುಗಿದರೆ ಗೋಕರ್ಣ. ದಾರಿಯಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರಗಳು ಸಿಗುತ್ತವೆ. ದೇವಸ್ಥಾನದ ಬೀದಿ ಇಕ್ಕಟ್ಟು, ಕಾರು ಹೊರಗೆ ನಿಲ್ಲಿಸಿ ಆಟೋ ಹಿಡಿಯಿರಿ. ಮಹಾಬಲೇಶ್ವರನ ದರ್ಶನ ಮುಗಿದ ಮೇಲೆ ದೇವಸ್ಥಾನದ ಹತ್ತಿರದ ಕಡಲತೀರವೇ ಸಾಕು, ಸಮತಟ್ಟಾಗಿದೆ. ಓಂ ಬೀಚಿಗೆ ಮೆಟ್ಟಿಲು ಇಳಿಯಬೇಕು, ವಾಪಸು ಹತ್ತಲೂಬೇಕು. ಮೇಲೆ ಕಾರು ನಿಲ್ಲುವ ಕಡೆಯಿಂದ ನೋಡಿ ಬನ್ನಿ. ಮಧ್ಯಾಹ್ನದ ಊಟ ಮತ್ತು ಒಂದು ಗಂಟೆ ವಿಶ್ರಾಂತಿಗೆ ಇಲ್ಲೇ ಯಾವುದಾದರೂ ರೂಮು ಅರ್ಧ ದಿನಕ್ಕೆ ಸಿಗುತ್ತದೆಯಾ ಅಂತ ಮೊದಲೇ ವಿಚಾರಿಸಿ. ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಕಾರವಾರ ಇಡೀ ದಾರಿಯಲ್ಲಿ ಹಿರಿಯರಿಗೆ ಅತಿ ಸುಲಭದ ಊರು. ಊರೊಳಗೇ ಉದ್ದಕ್ಕೆ ಹಬ್ಬಿದ ರವೀಂದ್ರನಾಥ ಟಾಗೋರ್ ಕಡಲತೀರ. ಯುವಕರಾಗಿದ್ದಾಗ ಟಾಗೋರ್ ಇಲ್ಲಿ ಬಂದು ಇದ್ದರು, ಇಲ್ಲೇ ಒಂದು ನಾಟಕ ಬರೆದರು. ಕೊಲ್ಲಿಯ ಹಾಗೆ ಒಳಗೆ ಬಾಗಿದ ತೀರವಾದ್ದರಿಂದ ಅಲೆ ಮೆತ್ತಗೆ, ಎದುರಿಗೆ ದ್ವೀಪಗಳು, ಬೆನ್ನಿಗೆ ಗುಡ್ಡ. ಪಕ್ಕದಲ್ಲೇ ಐಎನ್‌ಎಸ್ ಚಾಪಲ್ ಯುದ್ಧನೌಕೆಯ ಸಂಗ್ರಹಾಲಯ. ಒಳಗಿನ ಕಬ್ಬಿಣದ ಏಣಿ ಕಿರಿದು, ಕಡಿದಾಗಿದೆ, ಹೊರಗಿನಿಂದಲೇ ನೋಡಿ. ಮರುದಿನ ಸಂಜೆ ಕಾಳಿ ನದಿ ಸಮುದ್ರ ಸೇರುವ ಕಡೆ ಹೋಗಿ ಬನ್ನಿ. ಉಳಿದ ಹೊತ್ತು ಏನೂ ಇಟ್ಟುಕೊಳ್ಳಬೇಡಿ.

ವಾಪಸು

ಬೆಂಗಳೂರಿನವರಿಗೆ ಕಾರವಾರದಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ, ಸಂಜೆ ಹತ್ತಿದರೆ ಬೆಳಿಗ್ಗೆ ಊರು. ಕಾರನ್ನು ಅಲ್ಲೇ ಬಿಟ್ಟು ಕಳಿಸುವ ಹಾಗೆ ಮೊದಲೇ ಬಾಡಿಗೆ ಮಾತಾಡಿ, ಚಾಲಕರು ಮಂಗಳೂರಿಗೆ ಖಾಲಿ ಹೋಗುವ ಖರ್ಚೂ ಸೇರುತ್ತದೆ. ಟಿಕೆಟ್ ಮಾಡುವಾಗ ಹಿರಿಯರ ಲೋವರ್ ಬರ್ತ್ ಕೋಟಾ ಆಯ್ಕೆ ಮಾಡಿ. 60 ದಾಟಿದ ಗಂಡಸರಿಗೂ 45 ದಾಟಿದ ಹೆಂಗಸರಿಗೂ ಅದು ಇದೆ, ಆದರೆ ಒಂದು ಟಿಕೆಟಿನಲ್ಲಿ ಒಬ್ಬರು ಅಥವಾ ಇಬ್ಬರು ಮಾತ್ರ ಇರಬೇಕು. ಮಗನೋ ಮಗಳೋ ಜೊತೆಗಿದ್ದರೆ ಅವರ ಟಿಕೆಟ್ ಬೇರೆ ಮಾಡಿ. ಕಾರವಾರದ ನಿಲ್ದಾಣ ಊರಿನ ಮಧ್ಯದಲ್ಲಿಲ್ಲ, ಶಿರವಾಡದಲ್ಲಿದೆ. ಮುಕ್ಕಾಲು ಗಂಟೆ ಮೊದಲೇ ತಲುಪಿ, ಯಾವ ಪ್ಲಾಟ್‌ಫಾರ್ಮ್ ಅಂತ ಕೇಳಿಕೊಂಡು ನಿಮ್ಮ ಬೋಗಿ ನಿಲ್ಲುವ ಜಾಗದ ಹತ್ತಿರ ಕೂತುಕೊಳ್ಳಿ. ರಾತ್ರಿ ಊಟ ಕಟ್ಟಿಸಿಕೊಂಡೇ ಹೋಗಿ, ಮಾತ್ರೆ ಡಬ್ಬಿ ದಿಂಬಿನ ಪಕ್ಕ ಇರಲಿ, ಬೆಳಿಗ್ಗೆ ಸ್ಟೇಷನ್ನಿಗೆ ಯಾರು ಬರುತ್ತಾರೆ ಅನ್ನುವುದನ್ನು ಹಿಂದಿನ ದಿನವೇ ಗೊತ್ತುಮಾಡಿಕೊಳ್ಳಿ.